ತೋಳಿನ ಮೇಲೆ ನಾಲ್ಕು ಬೆರಳು

ನನ್ನ ಗಂಡನ ಸ್ವರ ದೊಡ್ಡದು. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತಂತೆ, ಎಡಗಿವಿ ಸರಿಯಾಗಿ ಕೇಳುವುದಿಲ್ಲ, ಹಾಗಾಗಿ ತನಗೆ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡುತ್ತಾರೆ. ಅರ್ಚಕರ ಮನೆಯಲ್ಲಿ ಹುಟ್ಟಿದವರು. ಮಾವ ಕೊನೆಯವರೆಗೂ ದೇವಸ್ಥಾನದ ಪೂಜೆಯಲ್ಲಿದ್ದರು. ಇವರು ಆ ದಾರಿ ಹಿಡಿಯದೆ ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರಾದರು. ಗಂಟಲು ಮಾತ್ರ ಆ ಮನೆಯದೇ. ಕೊರೋನಾ ಬಂದು ಶಾಲೆ ಮುಚ್ಚಿದಾಗ ಮಕ್ಕಳಿಗೆ ಫೋನಿನಲ್ಲಿ ಲೆಕ್ಕ ಹೇಳಿಕೊಡುವ ಅಭ್ಯಾಸವಾಯಿತು, ಶಾಲೆ ತೆರೆದ ಮೇಲೂ ಅದು ನಿಲ್ಲಲಿಲ್ಲ. ಸಂಜೆಯಾದರೆ ನಮ್ಮ ಮನೆಯ ಹಾಲ್‌ನಿಂದ "ಎಷ್ಟು ಸಲ ಹೇಳಿದ್ದು ನಿನಗೆ? ತಲೆಯಲ್ಲಿ ಎಂತ ಉಂಟು?" ಎಂಬ ಬೊಬ್ಬೆ ಕೇಳುತ್ತಿತ್ತು. ಬಿಜೈಯ ನಮ್ಮ ಫ್ಲಾಟಿನ ಗೋಡೆಗಳು ತೆಳು. ಆಚೆ ಮನೆಯವರಿಗೆ ಬೊಬ್ಬೆ ಕೇಳುತ್ತದೆ, ಫೋನು ಕಾಣುವುದಿಲ್ಲ. ನಮಗೆ ಮಕ್ಕಳಿಲ್ಲವೆಂದು ಎಲ್ಲರಿಗೂ ಗೊತ್ತು. ಮನೆಯಲ್ಲಿ ಇರುವುದು ನಾವಿಬ್ಬರೇ. ಬೈಗಳು ಯಾರಿಗೆ ಎಂದು ಯಾರಾದರೂ ಯೋಚಿಸಿದರೆ ಅವರಿಗೆ ಸಿಗುವ ಉತ್ತರ ಒಂದೇ.

ಆ ವರ್ಷ ಮಳೆ ಕಡಿಮೆಯಾಗುವ ಹೊತ್ತಿಗೆ ನನ್ನ ಮೈಮೇಲೆ ನೀಲಿ ಕಲೆಗಳು ಕಾಣಿಸಲು ಶುರುವಾದವು. ಮೊದಲನೆಯದು ತೊಡೆಯ ಮೇಲೆ. ನಾನು ಕೆಲಸ ಮಾಡುವುದು ಪಣಂಬೂರಿನ ಒಂದು ಆಫೀಸಿನಲ್ಲಿ, ಹಡಗಿನಲ್ಲಿ ಬರುವ ಸರಕಿನ ಕಾಗದಪತ್ರ ನೋಡುವ ಕೆಲಸ. ಇಕ್ಕಟ್ಟಿನ ಜಾಗ, ಮೇಜಿನ ಮೂಲೆ ತಾಗಿರಬೇಕು ಅಂದುಕೊಂಡೆ. ಆಮೇಲೆ ಮೊಣಕಾಲಿನ ಕೆಳಗೊಂದು, ಮುಂಗೈಯ ಮೇಲೊಂದು. ಬಸ್ಸಿನ ಸೀಟು ತಾಗಿರಬೇಕು, ಗ್ರೈಂಡರ್ ಎತ್ತುವಾಗ ಆಗಿರಬೇಕು. ಒಂದೊಂದಕ್ಕೆ ಒಂದೊಂದು ಕಾರಣ ಸುಲಭವಾಗಿ ಸಿಗುತ್ತಿತ್ತು. ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂದಾಗ ಪೇಸ್ಟು ಬದಲಿಸಿದೆ. ತಿಂಗಳ ಸ್ರಾವ ಹೆಚ್ಚಾದಾಗ, ನಲವತ್ತೈದು ದಾಟಿದೆಯಲ್ಲ, ಇನ್ನು ಹೀಗೇ ಎಂದು ಸುಮ್ಮನಾದೆ. ಇವೆಲ್ಲ ಒಂದೇ ವಿಷಯದ ಬೇರೆಬೇರೆ ತುದಿಗಳು ಎಂದು ನನಗೆ ಹೊಳೆಯಲಿಲ್ಲ. ನೋವು ಇದ್ದಿದ್ದರೆ ಹೊಳೆಯುತ್ತಿತ್ತೋ ಏನೋ. ಆ ಕಲೆಗಳು ನೋಯುತ್ತಿರಲಿಲ್ಲ.

ಒಂದು ಭಾನುವಾರ ಇವರ ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗ್ರೆಯಲ್ಲಿ ಹೊಸ ಮನೆ ಕಟ್ಟಿಸಿ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಕರೆದಿದ್ದರು. ಬಂದರಿನಿಂದ ದೋಣಿಯಲ್ಲಿ ನದಿ ದಾಟಿ ಹೋದೆವು. ಇಳಿಯುವಾಗ ದೋಣಿ ಅಲ್ಲಾಡಿತು. ಮುಂದೆ ಇಳಿದಿದ್ದ ಇವರು ಹಿಂದೆ ತಿರುಗಿ ನನ್ನ ತೋಳು ಹಿಡಿದು ದಡಕ್ಕೆ ಎಳೆದುಕೊಂಡರು. ಅಷ್ಟೇ. ಪಾಯಸದ ಊಟ ಮಾಡಿದೆವು, ಮನೆಯ ಹಿಂದೆ ಬಲೆ ಒಣಗಿಸುವ ಜಾಗ ನೋಡಿದೆವು, ಬಂದ ದೋಣಿಯಲ್ಲೇ ಹಿಂದೆ ಬಂದೆವು.

ಮರುದಿನ ಸ್ನಾನ ಮಾಡುವಾಗ ನೋಡಿದರೆ ತೋಳಿನ ಹೊರಬದಿಯಲ್ಲಿ ನಾಲ್ಕು ಉದ್ದ ಗುರುತು, ಒಳಬದಿಯಲ್ಲಿ ಒಂದು. ನಾಲ್ಕು ಬೆರಳು, ಒಂದು ಹೆಬ್ಬೆರಳು. ಯಾರೋ ಶಾಯಿಯಲ್ಲಿ ಕೈ ಅದ್ದಿ ಹಿಡಿದ ಹಾಗೆ ಅಚ್ಚು ಮೂಡಿತ್ತು.

ಇವರಿಗೆ ತೋರಿಸಿದೆ. "ನಾನು ಅಷ್ಟು ಗಟ್ಟಿ ಹಿಡಿದೆನಾ?" ಎಂದು ಕೇಳಿದರು. ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡರು. "ಇಲ್ಲ, ನನಗೆ ಈಗೀಗ ಹೀಗೇ ಆಗ್ತದೆ" ಎಂದೆ. ಡಾಕ್ಟರಿಗೆ ತೋರಿಸುವ ಎಂದರು. ತೋರಿಸುವ, ತಿಂಗಳ ಕೊನೆ ಮುಗಿಯಲಿ ಎಂದೆ. ಆಫೀಸಿನಲ್ಲಿ ತಿಂಗಳ ಕೊನೆಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ.

ನಾನು ಉಡುವುದು ಸೀರೆ, ರವಿಕೆಯ ತೋಳು ಗಿಡ್ಡ. ಆಫೀಸಿನಲ್ಲಿ ನನ್ನ ಎದುರಿನ ಮೇಜಿನ ಹುಡುಗಿ, ಮದುವೆಯಾಗಿ ವರ್ಷವಾಗಿರಬಹುದು, ಆ ದಿನ ಪೂರ್ತಿ ನನ್ನ ಮುಖ ನೋಡದೆ ಮಾತಾಡಿದಳು. ಸಂಜೆ ಬಸ್ಸಿನಲ್ಲಿ ಕೂತಿದ್ದಾಗ ಅವಳಿಂದ ಮೊಬೈಲಿಗೆ ಒಂದು ಮೆಸೇಜು ಬಂತು. ಮಹಿಳಾ ಸಹಾಯವಾಣಿಯ ನಂಬರು, ಅದರ ಕೆಳಗೆ, "ಅಕ್ಕಾ, ಬೇಜಾರು ಮಾಡಬೇಡಿ. ಸುಮ್ಮನೆ ಇಟ್ಟುಕೊಳ್ಳಿ." ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಬಸ್ಸು ಕೂಳೂರಿನ ಸೇತುವೆ ದಾಟುತ್ತಿತ್ತು. ನಗು ಬಂತು. ಇವರಿಗೆ ಹೇಳಿ ಇಬ್ಬರೂ ನಗಬಹುದು ಅಂದುಕೊಂಡೆ. ಮನೆಗೆ ಬಂದು ಚಾ ಮಾಡುವಾಗ, ಹೇಳುವುದು ಬೇಡ ಎನಿಸಿತು.

ನಮ್ಮ ಪಕ್ಕದ ಫ್ಲಾಟಿನಲ್ಲಿ ಒಬ್ಬ ಬಾಯಮ್ಮ ಇದ್ದಾರೆ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು. ಗಲ್ಫಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ನಿವೃತ್ತಿಯಾಗಿ ಬಂದು ಒಂದು ನಾಯಿಯ ಜೊತೆ ಇರುವವರು. ಅವರ ಮನೆಯ ಗೋಡೆಯೂ ನಮ್ಮ ಹಾಲಿನ ಗೋಡೆಯೂ ಒಂದೇ. ಆ ವಾರ ಅವರು ಸಣ್ಣ ಡಬ್ಬಿಯಲ್ಲಿ ಸಣ್ಣಾಸ್, ಅವರ ಕಡೆಯ ಇಡ್ಲಿ, ಹಿಡಿದುಕೊಂಡು ಬಂದರು. ಇವರು ಶಾಲೆಯಿಂದ ಬಂದಿರಲಿಲ್ಲ. ಬಾಯಮ್ಮ ಕೂತವರು ಸ್ವಲ್ಪ ಹೊತ್ತು ನಾಯಿಯ ವಿಷಯ ಮಾತಾಡಿ, ಆಮೇಲೆ ನನ್ನ ತೋಳಿಗೆ ಕಣ್ಣು ನೆಟ್ಟು ನೇರವಾಗಿ ಕೇಳಿದರು.

"ಇದು ಯಾರ ಕೈ?"

ಸುಳ್ಳು ಹೇಳುವ ಅಗತ್ಯವಿರಲಿಲ್ಲ. "ಇವರದ್ದೇ. ಆದರೆ ನೀವು ಎಣಿಸಿದ ಹಾಗೆ ಅಲ್ಲ. ದೋಣಿಯಿಂದ ಇಳಿಯುವಾಗ ಹಿಡಿದದ್ದು."

"ಮುಂಗೈಯಲ್ಲಿ ಇರುವುದು?"

"ಅದು ಎಲ್ಲಿಯೋ ತಾಗಿದ್ದು."

"ಹೌದಾ" ಎಂದರು. ಆ 'ಹೌದಾ'ದಲ್ಲಿ ನಂಬಿಕೆ ಸ್ವಲ್ಪವೂ ಇರಲಿಲ್ಲ. "ನೋಡಿ, ನಾನು ಅಲ್ಲಿ ವಾರ್ಡಿನಲ್ಲಿ ಇಂಥದ್ದು ಎಷ್ಟೋ ನೋಡಿದ್ದೇನೆ. ಎಲ್ಲರೂ ಹೇಳುವುದು ತಾಗಿತು, ಬಿದ್ದೆ ಅಂತಲೇ. ಮಾಸ್ಟ್ರ ಸ್ವರ ನನಗೆ ದಿನಾ ಕೇಳ್ತದೆ. ನಾನು ಕೆಟ್ಟದ್ದಕ್ಕೆ ಹೇಳುವುದಲ್ಲ."

"ಅದು ಫೋನಿನಲ್ಲಿ ಬಾಯಮ್ಮ. ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು."

ಅವರು ನನ್ನ ಕೈ ತಟ್ಟಿ ಎದ್ದರು. ನಾನು ಹೇಳಿದ್ದೆಲ್ಲ ನಿಜ. ಆದರೆ ಒಂದರ ಹಿಂದೆ ಒಂದು ಹೇಳಿದಾಗ ನನ್ನ ಕಿವಿಗೇ ಅದು ಕಟ್ಟಿದ ಕಥೆಯಂತೆ ಕೇಳಿಸಿತು.

ನನ್ನ ಗಂಡನಿಗೆ ಒಬ್ಬರು ಅಕ್ಕ, ನನಗೆ ಅತ್ತಿಗೆ. ಪಶುವೈದ್ಯೆ. ವಾಮಂಜೂರಿನಲ್ಲಿ ಮನೆ, ಮನೆಗೆ ತಾಗಿಕೊಂಡೇ ಒಂದು ಸಣ್ಣ ಕ್ಲಿನಿಕ್ಕು. ಹಿಂದೆ ಸುತ್ತಲಿನ ಗದ್ದೆ ಮನೆಗಳ ದನ, ಎಮ್ಮೆ ನೋಡುತ್ತಿದ್ದರು. ಈಗ ಗದ್ದೆಗಳಲ್ಲಿ ಮನೆ ಎದ್ದು, ದನ ಕಡಿಮೆಯಾಗಿ, ಬರುವುದು ಹೆಚ್ಚಾಗಿ ನಾಯಿ ಬೆಕ್ಕುಗಳೇ. ಬಾಯಮ್ಮನ ನಾಯಿಗೆ ಇಂಜೆಕ್ಷನ್ ಕೊಡುವುದೂ ಅವರೇ. ಬಾಯಮ್ಮ ಅವರಿಗೆ ಫೋನು ಮಾಡಿ ಏನು ಹೇಳಿದರೆಂದು ನನಗೆ ಪೂರ್ತಿ ಗೊತ್ತಿಲ್ಲ. "ನಿಮ್ಮ ತಮ್ಮನ ಮನೆಗೆ ಒಮ್ಮೆ ಹೋಗಿ ಬನ್ನಿ" ಎಂದಷ್ಟೇ ಹೇಳಿದೆ ಎನ್ನುತ್ತಾರೆ. ಅಷ್ಟಕ್ಕೇ ಅತ್ತಿಗೆ ಕ್ಲಿನಿಕ್ಕು ಮುಚ್ಚಿ ಬರುವವರಲ್ಲ.

ಬಂದದ್ದು ಶನಿವಾರ ಮಧ್ಯಾಹ್ನ. ನನಗೆ ಅರ್ಧ ದಿನ ರಜೆ. ಇವರು ಶಾಲೆಯ ಮೀಟಿಂಗಿನಲ್ಲಿದ್ದರು. ಅತ್ತಿಗೆ ಹೇಳದೆ ಬರುವ ಕ್ರಮವಿಲ್ಲ, ಹಾಗಾಗಿ ಬಾಗಿಲು ತೆರೆದಾಗ ಯಾರಿಗೋ ಏನೋ ಆಗಿದೆ ಎಂದು ಹೆದರಿದೆ. ಅವರು ನೀರು ಕೂಡ ಕುಡಿಯಲಿಲ್ಲ. ನಮ್ಮ ಮಾತೆಲ್ಲ ತುಳುವಿನಲ್ಲೇ ನಡೆಯುವುದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅವನು ನಿನಗೆ ಕೈ ಮಾಡ್ತಾನಾ?" ಎಂದು ಕೇಳಿದರು.

ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ದನಕ್ಕೆ ಮೇವು ತಿನ್ನಲು ಆಗುತ್ತದಾ ಎಂದು ಕೇಳುವಾಗಲೂ ಅವರ ಮುಖ ಹಾಗೇ ಇರುತ್ತದೆ.

"ಇಲ್ಲ ಅತ್ತಿಗೆ."

"ಮಾಡಿದ್ದರೆ ಹೇಳು. ನನ್ನ ತಮ್ಮ ಅಂತ ನೋಡಬೇಡ. ನಮ್ಮ ಮನೆ ಉಂಟು, ನೀನು ಈಗಲೇ ನನ್ನ ಒಟ್ಟಿಗೆ ಬರಬಹುದು."

ನಾನು ಮತ್ತೆ ಇಲ್ಲವೆಂದೆ. ದೋಣಿಯ ಕಥೆ, ಮೇಜಿನ ಕಥೆ ಹೇಳುವ ಬದಲು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ತೋರಿಸಿದೆ. ನೋಡಿಯೇ ಹೇಳಲಿ ಎಂಬ ಹಟ ಬಂದಿತ್ತು. ಅವರು ಕನ್ನಡಕ ಹಾಕಿಕೊಂಡು ನೆಲದಲ್ಲಿ ಕೂತರು. ದೊಡ್ಡ ನೀಲಿ ಕಲೆಗಳನ್ನು ಹೆಚ್ಚು ನೋಡಲಿಲ್ಲ. ಅವರು ನೋಡಿದ್ದು ನಾನು ಗಮನಿಸದೆ ಇದ್ದದ್ದನ್ನು. ಪಾದದ ಗಂಟಿನ ಸುತ್ತ, ಕಾಲಿನ ಮುಂಭಾಗದಲ್ಲಿ, ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳಿದ್ದವು. ಸೊಳ್ಳೆ ಕಚ್ಚಿದ್ದೋ ಬೆವರುಸಾಲೆಯೋ ಎಂದು ಬಿಟ್ಟಿದ್ದೆ.

"ಒಂದು ಗಾಜಿನ ಲೋಟ ಕೊಡು."

ಕೊಟ್ಟೆ. ಅವರು ಲೋಟದ ಬುಡವನ್ನು ಚುಕ್ಕೆಗಳ ಮೇಲೆ ಒತ್ತಿ ಹಿಡಿದು ಗಾಜಿನ ಮೂಲಕ ನೋಡಿದರು. ನಾನೂ ಬಗ್ಗಿ ನೋಡಿದೆ. ಒತ್ತಿದ ಜಾಗದ ಚರ್ಮ ಬಿಳಿಚಿಕೊಂಡಿತು, ಚುಕ್ಕೆ ಹಾಗೆಯೇ ಉಳಿಯಿತು. ಸೊಳ್ಳೆ ಕಚ್ಚಿದ್ದಾದರೆ ಒತ್ತಿದಾಗ ಮಾಯವಾಗಬೇಕಂತೆ. ಇದು ಚರ್ಮದ ಒಳಗೆ ಸೋರಿದ ರಕ್ತ.

"ಬಾಯಿ ತೆರೆ" ಎಂದರು. ತೆರೆದೆ. ಕೆನ್ನೆಯ ಒಳಗೆ ಮೊಬೈಲಿನ ಟಾರ್ಚು ಹಾಕಿ ನೋಡಿದರು. ಎದ್ದು ನಿಂತು ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ನಾಯಿಗಳಿಗೆ ಉಣ್ಣಿ ಕಚ್ಚಿ ಒಂದು ಜ್ವರ ಬರ್ತದೆ. ಹೊಟ್ಟೆಯಡಿ ಕೂದಲಿಲ್ಲದ ಜಾಗದಲ್ಲಿ ಇದೇ ಚುಕ್ಕೆ ಏಳುವುದು. ಪ್ಲೇಟ್‌ಲೆಟ್ ಕೆಳಗೆ ಹೋದಾಗ. ನಿನಗೆ ಎಂತ ಆಗಿದೆ ಅಂತ ನಾನು ಹೇಳಬಾರದು, ನಾನು ನಾಯಿಯ ಡಾಕ್ಟ್ರು. ಸೀರೆ ಸರಿ ಮಾಡಿಕೋ, ಆಸ್ಪತ್ರೆಗೆ ಹೋಗುವ."

ಹೋಗುವಾಗ ರಿಕ್ಷಾದಲ್ಲಿ ಅವರು ಡ್ರೈವರಿಗೆ ಹೊಂಡ ತಪ್ಪಿಸಿ ಹೋಗಲು ಹೇಳುತ್ತಲೇ ಇದ್ದರು. ನಮ್ಮ ರಸ್ತೆಗಳಲ್ಲಿ ಅದು ಆಗುವ ಕೆಲಸವಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಹಿಡಿಯಲು ಹೇಳಿದರು. ಎಷ್ಟು ಹೊತ್ತು ಹಿಡಿದರೂ ತೆಗೆದಾಗ ಮತ್ತೆ ಒಸರುತ್ತಿತ್ತು. ರಿಪೋರ್ಟು ಕೈಗೆ ಬರುವ ಮೊದಲೇ ಲ್ಯಾಬಿನವರು ಡಾಕ್ಟರಿಗೆ ಫೋನು ಮಾಡಿದ್ದರು. ಸಾಧಾರಣ ಮನುಷ್ಯರಿಗೆ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದ ಪ್ಲೇಟ್‌ಲೆಟ್ ನನಗೆ ಇದ್ದದ್ದು ಆರು ಸಾವಿರ. ಆ ಸಂಖ್ಯೆ ಕೇಳಿದಾಗ ನನಗೆ ಭಯವೇನೂ ಆಗಲಿಲ್ಲ. ಆರು ಸಾವಿರ ಎಂದರೆ ಬಹಳವೇ ಇದೆಯಲ್ಲ ಎನಿಸಿತು. ಡಾಕ್ಟರು ನನ್ನನ್ನು ನಡೆಯಲು ಬಿಡದೆ ಗಾಲಿಕುರ್ಚಿ ತರಿಸಿದಾಗಷ್ಟೇ ವಿಷಯ ತಲೆಗೆ ಹೋಯಿತು.

ಇವರು ಮೀಟಿಂಗ್ ಬಿಟ್ಟು ಬಂದರು. ಅಷ್ಟರಲ್ಲಿ ನನ್ನನ್ನು ವಾರ್ಡಿನಲ್ಲಿ ಮಲಗಿಸಿದ್ದರು. ಕೇಸು ಬರೆದುಕೊಳ್ಳಲು ಬಂದ ಸಣ್ಣ ಪ್ರಾಯದ ಡಾಕ್ಟರಮ್ಮ ನನ್ನ ತೋಳು ನೋಡಿ, ಇವರ ಮುಖ ನೋಡಿ, "ಸರ್, ನೀವು ಸ್ವಲ್ಪ ಹೊರಗೆ ನಿಲ್ಲಬಹುದಾ?" ಎಂದರು. ಇವರು ಹೊರಗೆ ಹೋದ ಮೇಲೆ ಪರದೆ ಎಳೆದು, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ ಎಂದು ತಗ್ಗಿದ ಸ್ವರದಲ್ಲಿ ಕೇಳಿದರು. ಇಷ್ಟು ಕಡಿಮೆ ಕೌಂಟ್ ಇರುವಾಗ ಪೆಟ್ಟು ಬಿದ್ದರೆ ಪ್ರಾಣಕ್ಕೇ ಅಪಾಯ, ಅದಕ್ಕೆ ಕೇಳುವುದು ಎಂದರು. ಇಲ್ಲ ಎಂದೆ. ಈ ಸಲ ಆ ಮಾತು ಅಭ್ಯಾಸದಿಂದಲೇ ಬಂತು.

ಹೊರಗೆ ಕಾರಿಡಾರಿನಲ್ಲಿ ಇವರ ಸ್ವರ ಕೇಳಿಸಿತು. ನನಗೆ ಮಾತ್ರವಲ್ಲ, ಇಡೀ ವಾರ್ಡಿಗೆ.

"ನನ್ನನ್ನು ಯಾಕೆ ಹೊರಗೆ ಕಳಿಸಿದ್ದು, ಅಕ್ಕ?"

ಅತ್ತಿಗೆ ಏನೋ ಮೆಲ್ಲಗೆ ಹೇಳಿದರು. "ಎಂತ? ಕೇಳುವುದಿಲ್ಲ" ಎಂದರು ಇವರು. ಅತ್ತಿಗೆ ಸ್ವಲ್ಪ ಜೋರಾಗಿ ಹೇಳಿದರು. ಮತ್ತೂ ಕೇಳಲಿಲ್ಲ. ಕೊನೆಗೆ ಅತ್ತಿಗೆಯೂ ಸ್ವರ ಎತ್ತಬೇಕಾಯಿತು.

"ನೀನು ಅವಳಿಗೆ ಹೊಡಿತೀಯಾ ಅಂತ ಕೇಳಲಿಕ್ಕೆ ಕಳಿಸಿದ್ದು!"

ಪಕ್ಕದ ಮಂಚದ ಅಜ್ಜಿ ಚಾ ಕುಡಿಯುವುದನ್ನು ನಿಲ್ಲಿಸಿದರು.

ಆಮೇಲೆ ಇವರು, "ನೀನು ಇವತ್ತು ನಮ್ಮ ಮನೆಗೆ ಬಂದದ್ದು ಯಾಕೆ?" ಎಂದರು.

"ಅದನ್ನೇ ಕೇಳಲಿಕ್ಕೆ."

"ನೀನು ನಂಬಿದ್ದೆಯಾ?"

"ನಂಬಲಿಲ್ಲ. ನಂಬುವುದಿಲ್ಲ ಅಂತ ಮನೆಯಲ್ಲಿ ಕೂರಲಿಕ್ಕೂ ಆಗಲಿಲ್ಲ. ನೋಡುವ ಅಂತ ಬಂದೆ."

ಅತ್ತಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದಿತ್ತು. ಸುಮ್ಮನೆ ಬಂದೆ ಎನ್ನಬಹುದಿತ್ತು. ಅವರಿಗೆ ಅದು ಬರುವುದಿಲ್ಲ. ಇವರು ಒಳಗೆ ಬಂದು ನನ್ನ ಮಂಚದ ಹತ್ತಿರ ಸ್ಟೂಲಿನ ಮೇಲೆ ಕೂತರು. ಕೈಯನ್ನು ಮಂಚದ ಅಂಚಿಗೆ ತಾಗದ ಹಾಗೆ ಮಡಿಲಲ್ಲಿ ಇಟ್ಟುಕೊಂಡಿದ್ದರು. ಆ ದಿನದಿಂದ ಬಹಳ ಸಮಯ ಅವರು ನನ್ನನ್ನು ಮುಟ್ಟಲಿಲ್ಲ. ನೀರಿನ ಲೋಟ ಕೊಡುವಾಗಲೂ ಮೇಜಿನ ಮೇಲೆ ಇಟ್ಟು ಕೈ ಹಿಂದಕ್ಕೆ ತೆಗೆಯುತ್ತಿದ್ದರು.

ದೊಡ್ಡ ಡಾಕ್ಟರು ಮರುದಿನ ಬಂದು ವಿವರಿಸಿದರು. ರಕ್ತ ಹೆಪ್ಪುಗಟ್ಟಲು ಬೇಕಾದ ಈ ಪ್ಲೇಟ್‌ಲೆಟ್‌ಗಳನ್ನು, ಅಂದರೆ ಕಿರುತಟ್ಟೆಗಳನ್ನು, ನನ್ನ ಮೂಳೆಮಜ್ಜೆ ಮಾಡುತ್ತಿದೆ. ಆದರೆ ಮೈಯ ರಕ್ಷಣೆಗೆ ಇರುವ ವ್ಯವಸ್ಥೆಯೇ ಅವನ್ನು ಹೊರಗಿನವು ಎಂದು ತಪ್ಪು ತಿಳಿದು ಹೊಡೆದು ಹಾಕುತ್ತಿದೆ. ಡೆಂಗಿ ಅಲ್ಲ, ಕ್ಯಾನ್ಸರ್ ಅಲ್ಲ. ಯಾಕೆ ಬಂತು ಎಂದರೆ ಹೆಚ್ಚಿನವರಿಗೆ ಕಾರಣ ಗೊತ್ತಾಗುವುದಿಲ್ಲ. ಸ್ಟೀರಾಯ್ಡ್ ಮಾತ್ರೆ ಕೊಡುತ್ತೇವೆ, ಬೀಳಬಾರದು, ತಲೆಗೆ ಏನೂ ತಾಗಬಾರದು, ನೋವಿನ ಮಾತ್ರೆ ಕೇಳದೆ ನುಂಗಬಾರದು.

ಆಫೀಸಿನವರು ಗುಂಪಾಗಿ ಬಂದು ರಕ್ತ ಕೊಡಲು ತಯಾರಾಗಿ ನಿಂತರು. ಬೇಕಾಗಿಲ್ಲ, ಹೊರಗಿನಿಂದ ಹಾಕಿದ್ದನ್ನೂ ನನ್ನ ಮೈ ಹಾಗೇ ಮುಗಿಸಿಬಿಡುತ್ತದೆ ಎಂದು ಡಾಕ್ಟರು ಹೇಳಿದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ. ಪ್ಲೇಟ್‌ಲೆಟ್ ಅಂದ ಕೂಡಲೇ ನಮ್ಮ ಊರಿನಲ್ಲಿ ಎಲ್ಲರಿಗೂ ಡೆಂಗಿ ನೆನಪಾಗುತ್ತದೆ, ಡೆಂಗಿ ಅಂದರೆ ಬಪ್ಪಂಗಾಯಿಯ, ಅಂದರೆ ಪಪ್ಪಾಯಿಯ, ಎಲೆ. ಬಾಯಮ್ಮನೂ ಎಲೆಯ ರಸ ತಂದರು. ನರ್ಸಾಗಿ ಅಷ್ಟು ವರ್ಷ ಕೆಲಸ ಮಾಡಿದವರು ಸ್ಟೀಲ್ ಲೋಟದಲ್ಲಿ ಆ ಹಸಿರು ಕಹಿಯನ್ನು ಹಿಡಿದು ನಿಂತದ್ದನ್ನು ನೋಡಿ ಕುಡಿಯುವುದಿಲ್ಲ ಎನ್ನಲಾಗಲಿಲ್ಲ. ಕುಡಿದೆ. ಅದರಿಂದ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ.

"ನನಗೆ ಗೊತ್ತಾಗಬೇಕಿತ್ತು" ಎಂದರು ಬಾಯಮ್ಮ. "ನಾನು ನೋಡಿದ್ದು ಬೆರಳು ಮಾತ್ರ."

"ಬೆರಳು ಇತ್ತಲ್ಲ ಬಾಯಮ್ಮ."

"ಮಾಸ್ಟ್ರ ಹತ್ತಿರ ಎಂತ ಹೇಳುವುದು ಈಗ?"

"ಎಂತ ಹೇಳುವುದು ಬೇಡ."

ಅವರು ಹೇಳದೆ ಬಿಡಲಿಲ್ಲ. ಇವರ ಎದುರು ನಿಂತು ಕೈಮುಗಿದು ತಪ್ಪಾಯಿತು ಎಂದರು. ಇವರು "ಛೆ, ಅದೆಲ್ಲ ಎಂತ" ಎಂದು ಬೇರೆ ಕಡೆ ನೋಡಿದರು. ಬಾಯಮ್ಮನ ಮೇಲೆ ಇವರಿಗೆ ಸಿಟ್ಟಿರಲಿಲ್ಲ. ಹೊರಗಿನವರು ಏನು ಬೇಕಾದರೂ ಎಣಿಸಬಹುದು ಎಂಬುದು ಅವರ ವಾದ. ಸಿಟ್ಟಿದ್ದದ್ದು ಅಕ್ಕನ ಮೇಲೆ.

ಮನೆಗೆ ಬಂದ ಮೇಲೆ ಸ್ಟೀರಾಯ್ಡಿನ ಆಟ ಶುರುವಾಯಿತು. ಕೌಂಟ್ ಏರಿತು, ಕಲೆಗಳು ಹಸಿರಾಗಿ ಹಳದಿಯಾಗಿ ಮಾಯವಾದವು. ಮುಖ ಮಾತ್ರ ಊದಿ ದುಂಡಗಾಯಿತು. ವಿಪರೀತ ಹಸಿವು, ಊಟ ಮುಗಿಸಿ ಕೈ ತೊಳೆಯುವಾಗಲೇ ಮುಂದಿನ ಊಟದ ಯೋಚನೆ. ಸಣ್ಣಪುಟ್ಟದ್ದಕ್ಕೆ ಸಿಟ್ಟು ಬರುತ್ತಿತ್ತು. ಆಗ ನಮ್ಮ ಮನೆಯಲ್ಲಿ ಬೊಬ್ಬೆ ಹಾಕುತ್ತಿದ್ದದ್ದು ನಾನು. ಇವರು ಸ್ವರ ತಗ್ಗಿಸಿದ್ದರು. ಫೋನಿನ ಪಾಠ ನಿಂತಿತು. ಮಾತಾಡಿದರೆ ಎಷ್ಟು ಮೆಲ್ಲಗೆಂದರೆ "ಎಂತ?" ಎಂದು ಕೇಳುವ ಸರದಿ ನನ್ನದಾಯಿತು. ತನ್ನ ಸ್ವರ ತನಗೇ ಕೇಳಿಸದೆ ಮಾತಾಡುವ ಮನುಷ್ಯ ಹೇಗಿರುತ್ತಾನೆಂದು ಆಗ ನೋಡಿದೆ. ವಾಕ್ಯದ ಮಧ್ಯದಲ್ಲೇ ನಿಲ್ಲಿಸಿಬಿಡುತ್ತಿದ್ದರು.

ಒಂದು ಸಂಜೆ ಊಟದ ಮೇಜಿನಲ್ಲಿ ಅಕ್ಕನ ಮಾತು ಬಂತು. ಅತ್ತಿಗೆ ದಿನಾ ನನಗೆ ಫೋನು ಮಾಡುತ್ತಿದ್ದರು. ಇವರು ಆ ಹೊತ್ತಿಗೆ ಬಾಲ್ಕನಿಗೆ ಹೋಗುತ್ತಿದ್ದರು.

"ನಾನು ಹುಟ್ಟಿದಂದಿನಿಂದ ನನ್ನನ್ನು ನೋಡಿದವಳು ಅವಳು" ಎಂದರು. "ಎತ್ತಿ ಆಡಿಸಿದವಳು. ಅವಳಿಗೇ ಅನುಮಾನ ಬಂದರೆ ನಾನು ಯಾರಿಗೆ ಎಂತ ಹೇಳುವುದು?"

"ಅವರು ನನಗೋಸ್ಕರ ಬಂದದ್ದಲ್ಲವಾ?"

"ನಿನಗೋಸ್ಕರ ಬಂದಳು. ಸರಿ. ನನ್ನನ್ನು ಬಿಟ್ಟು ಬಂದಳು."

"ಅವರು ಬಂದು ಕೇಳದೆ ಇದ್ದರೆ ನನ್ನ ಕಾಲು ಯಾರು ನೋಡುತ್ತಿದ್ದರು?"

ಇವರು ಹೌದೆಂದು ತಲೆಯಾಡಿಸಿದರು. ಹಾಗೆಂದು ಸಮಾಧಾನವೇನೂ ಆಗಲಿಲ್ಲ. ನಾನು ಆ ಹೊತ್ತು ಇಬ್ಬರನ್ನೂ ಹೊರಗಿನವಳಂತೆ ನೋಡಿದೆ. ಅನುಮಾನದಿಂದ ಬಂದವರಿಂದಲೇ ನನ್ನ ಪ್ರಾಣ ಉಳಿದದ್ದು ನಿಜ. ಆ ಅನುಮಾನ ಒಬ್ಬ ಮನುಷ್ಯನಿಗೆ ಹೊಡೆದದ್ದೂ ನಿಜ, ಅದೂ ಯಾರಿಗೂ ಕೈ ಎತ್ತದವರಿಗೆ. ಒಂದನ್ನು ಹಿಡಿದು ಇನ್ನೊಂದನ್ನು ಅಳಿಸಲು ನನಗೆ ಬರಲಿಲ್ಲ. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಮಾತ್ರೆ ಕಡಿಮೆ ಮಾಡುತ್ತ ಬಂದಾಗ ಕೌಂಟ್ ಮತ್ತೆ ಬಿತ್ತು. ಡಾಕ್ಟರು ಬೇರೆ ಮಾತ್ರೆ ಬರೆದರು, ಮೂಳೆಮಜ್ಜೆಯನ್ನು ಹೆಚ್ಚು ಕೆಲಸಕ್ಕೆ ಹಚ್ಚುವಂಥದ್ದು. ಅದಕ್ಕೂ ಬಗ್ಗದಿದ್ದರೆ ಪ್ಲೇಟ್‌ಲೆಟ್ ಹೆಚ್ಚಾಗಿ ನಾಶವಾಗುವ ಅಂಗವಾದ ಗುಲ್ಮವನ್ನೇ ತೆಗೆಯುವ ಆಪರೇಷನ್ ಉಂಟು ಎಂದು ಹೇಳಿಟ್ಟರು. ಆ ಹೊತ್ತಿನಲ್ಲಿ ಮಾವನ ಶ್ರಾದ್ಧ ಬಂತು. ಅದು ಪ್ರತಿ ವರ್ಷ ನಮ್ಮ ಮನೆಯಲ್ಲೇ ಆಗುವುದು, ಅತ್ತಿಗೆಯನ್ನು ಕರೆಯದೆ ಆಗುವುದಿಲ್ಲ. ಇವರೇ ಫೋನು ಮಾಡಿ ಕರೆದರು, ಎರಡು ಮಾತಿನಲ್ಲಿ. ಅತ್ತಿಗೆ ಬೆಳಿಗ್ಗೆಯೇ ಬಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೊಕ್ಕರು; ನನ್ನನ್ನು ಚೂರಿಯ ಹತ್ತಿರ ಬಿಡಲಿಲ್ಲ. ಅಕ್ಕ ತಮ್ಮ ಮಾತಾಡಿದ್ದು ಎಳ್ಳುಂಡೆಗೆ ಬೆಲ್ಲ ಎಷ್ಟು ಎಂಬುದರ ಬಗ್ಗೆ ಮಾತ್ರ. ಅಪ್ಪನ ಕಾಲದಲ್ಲಿ ಇಷ್ಟು ಸಿಹಿ ಇರುತ್ತಿರಲಿಲ್ಲ ಎಂದರು ಇವರು. ಇರುತ್ತಿತ್ತು, ನಿನಗೆ ನೆನಪಿಲ್ಲ ಎಂದರು ಅವರು. ಸ್ವಲ್ಪ ಹೊತ್ತು ಆ ವಿಷಯದಲ್ಲಿ ವಾದ ನಡೆಯಿತು. ವಾದ ಏರಿದಂತೆ ಇವರ ಸ್ವರವೂ ಏರಿತು, ಹಳೆಯ ಅಳತೆಗೆ ಬಂತು.

ಹೊರಡುವಾಗ ಅತ್ತಿಗೆ ನನಗೆ, "ಒಮ್ಮೆ ಕ್ಲಿನಿಕ್ಕಿಗೆ ಬಾ. ನಿನಗೆ ತೋರಿಸ್ತೇನೆ, ಈ ಪ್ಲೇಟ್‌ಲೆಟ್ ಅಂದರೆ ಎಂತ ಅಂತ" ಎಂದರು. ಚಪ್ಪಲಿ ಹಾಕುತ್ತ, ತಮ್ಮನ ಕಡೆ ತಿರುಗದೆ, "ನೀನೂ ಬಾ" ಎಂದು ಸೇರಿಸಿದರು.

ಇಬ್ಬರೂ ಹೋದೆವು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕಿಟಕಿಯ ಹತ್ತಿರ ಸೂಕ್ಷ್ಮದರ್ಶಕ ಇತ್ತು. ಗಾಜಿನ ತುಂಡಿನ ಮೇಲೆ ತೆಳುವಾಗಿ ಎಳೆದು ಬಣ್ಣ ಹಾಕಿದ ರಕ್ತ. ಮೊದಲು ಒಂದು ನಾಯಿಯದ್ದು ಇಟ್ಟರು. ಗುಲಾಬಿ ಬಿಲ್ಲೆಗಳು ತುಂಬ ಕಂಡವು. "ಅದಲ್ಲ, ಅದು ಕೆಂಪುಕಣ. ನಡುವೆ ನೇರಳೆ ಧೂಳಿನ ಹಾಗೆ ಬಿದ್ದಿದೆಯಲ್ಲ, ಅದು" ಎಂದರು ಅತ್ತಿಗೆ. ನೋಡಿದೆ. ಒರೆಸಿ ಬಿಡಬಹುದಾದ ಕಸದಂತೆ ಅಲ್ಲೊಂದು ಇಲ್ಲೊಂದು ಇದ್ದವು.

"ಇಷ್ಟೇಯಾ?"

"ಇಷ್ಟೇ. ನಾಯಿಗೂ ದನಕ್ಕೂ ನಿನಗೂ ಇವು ಪೂರ್ತಿ ಕೋಶ ಅಲ್ಲ. ಮಜ್ಜೆಯಲ್ಲಿ ಒಂದು ದೊಡ್ಡ ಕೋಶ ಇರ್ತದೆ, ಅದರಿಂದ ಉದುರಿದ ಚೂರು. ಎಲ್ಲಿ ರಕ್ತನಾಳ ಹರಿದರೂ ಹೋಗಿ ಅಂಟಿಕೊಳ್ಳುವುದು, ಒಂದಕ್ಕೊಂದು ಅಂಟಿ ತೂತು ಮುಚ್ಚುವುದು. ಇದು ನೋಡು, ಕೋಳಿಯದ್ದು." ಗಾಜು ಬದಲಿಸಿದರು. "ಕೋಳಿಗೆ, ಮೀನಿಗೆ ಚೂರಲ್ಲ. ನಡುವಿನಲ್ಲಿ ಬೀಜ ಇರುವ ಇಡೀ ಕೋಶ. ಕೆಲಸ ಅದೇ."

ಇವರು ಬಗ್ಗಿ ಬಹಳ ಹೊತ್ತು ನೋಡಿದರು. "ಹತ್ತು ದಿನ ಇರ್ತದಾ ಒಂದೊಂದು?" ಎಂದು ಕೇಳಿದರು. ಎಲ್ಲಿಯೋ ಓದಿಕೊಂಡಿದ್ದರು ಎಂದು ಆಗ ಗೊತ್ತಾಯಿತು.

"ನಮಗೆ ಹೆಚ್ಚುಕಮ್ಮಿ ಅಷ್ಟು. ಅವಳದ್ದು ಕೆಲವು ಗಂಟೆಯೂ ಇರುತ್ತಿರಲಿಲ್ಲವೇನೋ."

"ಅಂದರೆ ಮಜ್ಜೆ ಮಾಡ್ತಾ ಇತ್ತು, ಮೈ ತೆಗಿತಾ ಇತ್ತು."

"ಹೌದು."

"ತನ್ನದೇ ಅಂತ ಗೊತ್ತಾಗದೆ."

"ಗೊತ್ತಾಗದೆ" ಎಂದರು ಅತ್ತಿಗೆ. "ನನಗೆ ಬೇಜಾರು ಉಂಟು ಮಾರಾಯ. ಆದರೆ ಇನ್ನೊಮ್ಮೆ ಹಾಗಾದರೆ ನಾನು ಮತ್ತೆ ಬರ್ತೇನೆ. ಅದನ್ನು ಸುಳ್ಳು ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದರು.

ಇವರು ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. "ಬಾ" ಎಂದರು. "ಬರುವಾಗ ಫೋನು ಮಾಡಿ ಬಾ."

ಹೊರಗೆ ಒಬ್ಬರು ಬುಟ್ಟಿಯಲ್ಲಿ ಬೆಕ್ಕು ತಂದು ಕಾಯುತ್ತಿದ್ದರು. ಅತ್ತಿಗೆ ಆ ಕಡೆ ಹೋದರು.

ಎರಡನೆಯ ಮಾತ್ರೆ ಕೆಲಸ ಮಾಡಿತು. ಈಗ ನನ್ನ ಕೌಂಟ್ ಎಂಬತ್ತು ಸಾವಿರದ ಹತ್ತಿರ ನಿಂತಿದೆ. ಒಂದೂವರೆ ಲಕ್ಷ ಮುಟ್ಟಲಿಲ್ಲ, ಮುಟ್ಟಬೇಕೆಂದೇನೂ ಇಲ್ಲ, ಇಷ್ಟಿದ್ದರೆ ಸಾಕು ಎನ್ನುತ್ತಾರೆ ಡಾಕ್ಟರು. ಆಪರೇಷನ್ ಬೇಕಾಗಲಿಲ್ಲ. ಮುಖದ ಊತ ಇಳಿಯಿತು, ತೂಕ ಪೂರ್ತಿ ಇಳಿಯಲಿಲ್ಲ. ಆಫೀಸಿನ ಆ ಹುಡುಗಿಗೆ ನನ್ನ ಕಾಯಿಲೆ ಏನು, ಕಲೆ ಹೇಗೆ ಮೂಡಿತು ಎಂದೆಲ್ಲ ವಿವರಿಸಿ ಹೇಳಿದೆ. ಅವಳು ಕೇಳಿಸಿಕೊಂಡು, "ಆಗಲಿ ಅಕ್ಕಾ, ಆ ನಂಬರು ಡಿಲೀಟ್ ಮಾಡಬೇಡಿ, ಬೇರೆ ಯಾರಿಗಾದರೂ ಬೇಕಾದೀತು" ಎಂದಳು. ಡಿಲೀಟ್ ಮಾಡಿಲ್ಲ.

ಮೂರು ತಿಂಗಳಿಗೊಮ್ಮೆ ರಕ್ತ ಕೊಡಲು ಲ್ಯಾಬಿಗೆ ಹೋಗುತ್ತೇನೆ. ಕಳೆದ ಸಲ ಇವರೂ ಬಂದಿದ್ದರು. ಬಾಗಿಲ ಹತ್ತಿರ ಹೊಸದಾಗಿ ಟೈಲ್ಸು ಹಾಕಿದ್ದರು, ನೆಲ ಒದ್ದೆ. ಇವರು ಕೈ ಮುಂದೆ ಚಾಚಿದರು. ಹಿಡಿದುಕೊಂಡು ದಾಟಿದೆ. ಒಳಗೆ ನಮಗಿಂತ ಮೊದಲು ಬಂದವರು ಅನೇಕರಿದ್ದರು. ಟೋಕನ್ ತೆಗೆದುಕೊಂಡು ಕೂತೆವು.